ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹಿಡಿಯುವ ಪುಡಿ ಮಾಡಿದ್ದು

ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 420 ಭಾಗ), ಅಂದರೆ ಒಂದು ಘನ ಮೀಟರ್ ಗಾಳಿಗೆ ಮುಕ್ಕಾಲು ಗ್ರಾಂ. ಇಷ್ಟು ತೆಳುವಾಗಿರುವುದನ್ನು ಹಿಡಿಯಲು ಪುಡಿಯಲ್ಲಿ ಬರೀ ಸೂಕ್ಷ್ಮ ರಂಧ್ರವಿದ್ದರೆ ಸಾಲದು. ಜಿಯೊಲೈಟ್ 13ಎಕ್ಸ್ ಎಂಬ ರಂಧ್ರಭರಿತ ಪುಡಿ ಒಣ ಗಾಳಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಬೆಂಗಳೂರಿನ ಮಳೆಗಾಲದ ಗಾಳಿಯನ್ನು ಅದರೊಳಗೆ ಹಾಯಿಸಿದರೆ ನೀರಾವಿಯೇ ಮೊದಲು ಒಳಗೆ ಹೋಗಿ ಜಾಗ ಹಿಡಿದುಬಿಡುತ್ತದೆ.

ಅದಕ್ಕೇ ನಾನು ರಂಧ್ರಗಳಿರುವ ಸಿಲಿಕಾ ಪುಡಿಗೆ ಅಮೀನ್ (ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿಕೊಳ್ಳುವ, ನೈಟ್ರೋಜನ್ ಇರುವ ರಾಸಾಯನಿಕ) ತುಂಬಿಸುವ ದಾರಿ ಹಿಡಿದೆ. ಪಾಲಿಎಥಿಲೀನ್‌ಇಮೀನ್ ಎಂಬ ಈ ಅಮೀನ್ ಜೇನುತುಪ್ಪದ ಹಾಗೆ ಅಂಟಂಟು. ಬಾಟಲಿಯಿಂದ ಸುರಿಯುವುದಕ್ಕೇ ತಾಳ್ಮೆ ಬೇಕು. ಮೊದಲು ಅದನ್ನು ಮೆಥನಾಲ್‌ನಲ್ಲಿ ಕರಗಿಸಿ, ಸಿಲಿಕಾ ಹಾಕಿ ಕಲಕಿ, ಆಮೇಲೆ ಮೆಥನಾಲನ್ನು ನಿರ್ವಾತದಲ್ಲಿ ಹೊರಹಾಕಬೇಕು. ಅಮೀನ್ ತುಂಬಿದಷ್ಟೂ ಮೇಲ್ಮೈ ವಿಸ್ತೀರ್ಣ ಕುಸಿಯುತ್ತದೆ. ಹೊಸಬರು ಆ ಅಂಕಿ ನೋಡಿ ಗಾಬರಿಯಾಗುತ್ತಾರೆ. ನನಗಂತೂ ಆ ಅಂಕಿಯ ಮೇಲೆ ಮೋಹವಿಲ್ಲ. ಇಲ್ಲಿ ಅನಿಲವನ್ನು ಹಿಡಿಯುವುದು ಅಮೀನ್. ರಂಧ್ರದ ಕೆಲಸ ಅದನ್ನು ತೆಳ್ಳಗೆ ಹರಡಿ, ಗಾಳಿಗೆ ದಾರಿ ಬಿಡುವುದು. ಅಳತೆ ಮೀರಿ ತುಂಬಿದರೆ ಆ ದಾರಿಯೂ ಮುಚ್ಚಿಹೋಗುತ್ತದೆ.

ಪುಡಿಯನ್ನು ಹಾಗೇ ಕೊಳವೆಗೆ ಹಾಕಿದರೆ ಗಾಳಿ ನುಗ್ಗುವುದಿಲ್ಲ. ಒತ್ತಿ ಬಿಲ್ಲೆ ಮಾಡಿ, ಒಡೆದು, 250ರಿಂದ 500 ಮೈಕ್ರಾನ್ ಕಾಳುಗಳನ್ನು ಜರಡಿ ಹಿಡಿದು ತೆಗೆದುಕೊಂಡೆ. ಕೊಳವೆಯ ಇನ್ನೊಂದು ತುದಿಗೆ ಕಾರ್ಬನ್ ಡೈಆಕ್ಸೈಡ್ ಅಳೆಯುವ ಇನ್‌ಫ್ರಾರೆಡ್ ಸೆನ್ಸರ್. ಗಾಳಿಯನ್ನು ಕಿಟಕಿಯಾಚೆಯಿಂದಲೇ ಎಳೆಯಬೇಕು: ಬಾಗಿಲು ಮುಚ್ಚಿದ ಲ್ಯಾಬ್‌ನಲ್ಲಿ ನಾಲ್ಕು ಜನ ಕೂತರೆ ನಮ್ಮ ಉಸಿರಿಗೇ ರೀಡಿಂಗ್ ಏರುತ್ತದೆ. ಪಂಪ್ ಶುರುವಾದ ಮೇಲೆ ಪರದೆಯ ಅಂಕಿ ಸರಸರನೆ ಸೊನ್ನೆಯ ಹತ್ತಿರಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ; ಪುಡಿ ತುಂಬುತ್ತ ಬಂದಂತೆ ಮತ್ತೆ ನಿಧಾನಕ್ಕೆ ಮೇಲೇರುತ್ತದೆ. ಇಂಥದ್ದೇ ಪುಡಿಯಲ್ಲಿ ರಸಾಯನಶಾಸ್ತ್ರಜ್ಞ ಜಾರ್ಜ್ ಓಲಾ ಅವರ ತಂಡ 2011ರಲ್ಲಿ ಗ್ರಾಂಗೆ 1.7 ಮಿಲಿಮೋಲ್ ಆಸುಪಾಸು ಹಿಡಿದು ತೋರಿಸಿತ್ತು, ತೂಕದಲ್ಲಿ ಹೇಳುವುದಾದರೆ ಸುಮಾರು 75 ಮಿಲಿಗ್ರಾಂ ಕಾರ್ಬನ್ ಡೈಆಕ್ಸೈಡ್. ನಾನು ಹೋಲಿಸಿ ನೋಡುವುದು ಆ ಅಂಕಿಯ ಜೊತೆಗೇ.

ತಲೆನೋವು ಇರುವುದು ಬಿಡಿಸುವುದರಲ್ಲಿ. ಹಿಡಿದ ಅನಿಲ ಬಿಡಲು 90 ಡಿಗ್ರಿ ಆಸುಪಾಸು ಕಾಯಿಸಬೇಕು. ಆಗ ಆಮ್ಲಜನಕ ಸೋಕಿದರೆ ಅಮೀನ್ ಕೆಡುತ್ತದೆ, ಬಿಳಿ ಕಾಳು ಹಳದಿಯಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಮೊದಲು ನೈಟ್ರೋಜನ್ ಹಾಯಿಸಿ, ಆಮೇಲಷ್ಟೇ ಹೀಟರ್ ಹಾಕುವುದು ನನ್ನ ಕ್ರಮ. 2024ರಲ್ಲಿ ರಸಾಯನಶಾಸ್ತ್ರಜ್ಞ ಓಮರ್ ಯಾಘಿ ತಂಡ ಪ್ರಕಟಿಸಿದ ಸಿಒಎಫ್-999 ಎಂಬ, ಇದೇ ಕೆಲಸದ ಇನ್ನೊಂದು ರಂಧ್ರಭರಿತ ಪುಡಿ ಸುಮಾರು 60 ಡಿಗ್ರಿಗೇ ಬಿಟ್ಟುಕೊಡುತ್ತದೆ. ಅದರಲ್ಲಿ ನನಗೆ ಆಸೆ ಹುಟ್ಟಿಸಿದ್ದು ಈ ಕಡಿಮೆ ಶಾಖವೇ.