ಆಲೂಗಡ್ಡೆಗೆ ನೀಲಿ, ಡೇರೆ ಗಡ್ಡೆಗೆ ಕೆಂಪು

ಪಿಯು ಮಕ್ಕಳಿಗೆ ಕಾರ್ಬೋಹೈಡ್ರೇಟ್ ವರ್ಗೀಕರಣ ಕಲಿಸಲು ನಾನು ಎರಡು ಗಡ್ಡೆ ಮುಂದಿಡುತ್ತೇನೆ. ಒಂದು ಹಾಸನದ ಆಲೂಗಡ್ಡೆ. ಇನ್ನೊಂದು ಸಕಲೇಶಪುರ, ಮೂಡಿಗೆರೆ ಕಡೆ ಅಂಗಳದಲ್ಲಿ ಬೆಳೆಯುವ ಡೇರೆ ಹೂವಿನ (ಡೇಲಿಯಾ) ಗಿಡದ ಗಡ್ಡೆ. ಎರಡರಲ್ಲೂ ಇರುವುದು ಪಾಲಿಸ್ಯಾಕರೈಡೇ, ಅಂದರೆ ಸಕ್ಕರೆಯ ಸಣ್ಣ ಘಟಕಗಳು ಕೂಡಿದ ಉದ್ದ ಸರಪಳಿ. ಆದರೆ ಆಲೂಗಡ್ಡೆಯ ಪಿಷ್ಟ ಗ್ಲೂಕೋಸ್ ಸರಪಳಿ, ಡೇರೆಯ ಇನುಲಿನ್ ಫ್ರಕ್ಟೋಸ್ ಸರಪಳಿ.

ಪಿಷ್ಟ ತೆಗೆಯುವುದು ಸುಲಭ. ತುರಿದು, ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಹಿಂಡಿ, ತಳದಲ್ಲಿ ಕೂತ ಬಿಳಿ ಪುಡಿ ತೊಳೆದು, 1 ಗ್ರಾಂ ಪುಡಿಯನ್ನು 100 ಮಿ.ಲೀ. ನೀರಲ್ಲಿ ಕುದಿಸಿದರಾಯಿತು.

ಡೇರೆಗೆ ತಾಳ್ಮೆ ಬೇಕು. ಗಿಡ ಒಣಗಿದ ಮೇಲೆ ಅಗೆದ ಗಡ್ಡೆಯೇ ಆಗಬೇಕು. ಮೊಳಕೆ ಬಂದದ್ದು ಬೇಡ, ಅದರಲ್ಲಿ ಇನುಲಿನ್ ಆಗಲೇ ಒಡೆದು ಫ್ರಕ್ಟೋಸ್ ಆಗತೊಡಗಿರುತ್ತದೆ. ಸಿಪ್ಪೆ ತೆಗೆದ 50 ಗ್ರಾಂ ಗಡ್ಡೆಯನ್ನು 80 ಡಿಗ್ರಿಯ 150 ಮಿ.ಲೀ. ನೀರಿಗೆ ನೇರವಾಗಿ ತುರಿಯುತ್ತೇನೆ. ಹೊರಗೆ ತುರಿದಿಟ್ಟರೆ ಕಿಣ್ವದಿಂದ ಕಂದಾಗುತ್ತದೆ. ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡ ಹಾಕಬೇಕು, ಇಲ್ಲದಿದ್ದರೆ ರಸದ ಹುಳಿಯೇ ಬಿಸಿಯಲ್ಲಿ ಸರಪಳಿಯನ್ನು ಕತ್ತರಿಸುತ್ತದೆ. ಅರ್ಧ ಗಂಟೆಯ ನಂತರ ಬಿಸಿ ಇರುವಾಗಲೇ ಸೋಸಿ ಫ್ರಿಜ್ಜಿನಲ್ಲಿಡಿ. ತಣ್ಣೀರಲ್ಲಿ ಇನುಲಿನ್ ಅಷ್ಟಾಗಿ ಕರಗದು, ಮಾರನೆಯ ದಿನಕ್ಕೆ ಬಿಳಿಯಾಗಿ ಕೂರುತ್ತದೆ. ಆತುರವಿದ್ದರೆ ಸೋಸಿದ ನೀರಿನ ಮೂರರಷ್ಟು ಎಥನಾಲ್ ಸುರಿಯಬಹುದು. ಕೂತದ್ದನ್ನು ಐಸ್ ನೀರಲ್ಲಿ ತೊಳೆಯದಿದ್ದರೆ ಬಿಡಿ ಫ್ರಕ್ಟೋಸ್ ಉಳಿದು ಬೆನೆಡಿಕ್ಟ್ ಪರೀಕ್ಷೆಯಲ್ಲಿ (ತಾಮ್ರದ ನೀಲಿ ದ್ರಾವಣದ ಬಣ್ಣ ಬದಲಿಸುವ ಗ್ಲೂಕೋಸ್, ಫ್ರಕ್ಟೋಸ್‌ನಂಥ ಸಕ್ಕರೆ ಹಿಡಿಯುವ ಪರೀಕ್ಷೆ) ಹಸಿರು ಬರುತ್ತದೆ. ಇದನ್ನೂ 100 ಮಿ.ಲೀ.ಗೆ 1 ಗ್ರಾಂನಂತೆ ಬಿಸಿನೀರಲ್ಲಿ ಕರಗಿಸಿಕೊಳ್ಳಿ.

ಮೊದಲು ಅಯೋಡಿನ್. ದ್ರಾವಣ ತಣ್ಣಗಿರಲಿ. ಪಿಷ್ಟದ ಸುರುಳಿಯೊಳಗೆ ಅಯೋಡಿನ್ ಸೇರಿದರೆ ಮಾತ್ರ ನೀಲಿ. ಬಿಸಿಯಾದರೆ ಸುರುಳಿ ಸಡಿಲಗೊಂಡು ಬಣ್ಣ ಮಾಯ. ಇನುಲಿನ್ ಹಳದಿಯಲ್ಲೇ ಉಳಿಯಬೇಕು. ಅಲ್ಲಿ ತುಸು ನೀಲಿ ಕಂಡರೆ ತುರಿಮಣೆ ತೊಳೆದಿಲ್ಲವೆಂದೇ ನನ್ನ ಮೊದಲ ಅನುಮಾನ.

ಫ್ರಕ್ಟೋಸ್‌ನಂಥ ಕೀಟೋಸ್ ಸಕ್ಕರೆಯನ್ನು ಗ್ಲೂಕೋಸ್‌ನಿಂದ ಬೇರೆಯಾಗಿ ಗುರುತಿಸುವ ಸೆಲಿವನಾಫ್ ಪರೀಕ್ಷೆಗೆ 3 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 0.05 ಶೇಕಡಾ ರಿಸಾರ್ಸಿನಾಲ್. ಅದರ 5 ಮಿ.ಲೀ.ಗೆ ಅರ್ಧ ಮಿ.ಲೀ. ಮಾದರಿ ಹಾಕಿ ಕುದಿಯುವ ನೀರಲ್ಲಿಡಿ. ಆಮ್ಲವೇ ಇನುಲಿನ್ ಒಡೆದು, ಸ್ವಲ್ಪ ಹೊತ್ತಿಗೇ ಚೆರ್ರಿ ಕೆಂಪು ಬರುತ್ತದೆ. ಪಕ್ಕದಲ್ಲಿ ಗ್ಲೂಕೋಸ್ ಟ್ಯೂಬ್ ಇಟ್ಟಿರಬೇಕು. ಹೆಚ್ಚು ಹೊತ್ತು ಕುದಿಸಿದರೆ ಅದೂ ಕೆಂಪಾಗಿ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

ಬೆನೆಡಿಕ್ಟ್‌ಗೆ ಎರಡೂ ಜಗ್ಗುವುದಿಲ್ಲ. 5 ಮಿ.ಲೀ. ದ್ರಾವಣಕ್ಕೆ 5 ಹನಿ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕುದಿಸಿದ ಮೇಲೆ ಇಟ್ಟಿಗೆ ಕೆಂಪು. ಇನುಲಿನ್ ಬೇಗ ಒಡೆಯುತ್ತದೆ, ಪಿಷ್ಟಕ್ಕೆ ಹೆಚ್ಚು ಹೊತ್ತು ಬೇಕು. ಇಲ್ಲಿ ಬಹುಪಾಲು ಕೆಡುವುದು ಒಂದೇ ಕಡೆ: ಸೋಡಿಯಂ ಕಾರ್ಬೊನೇಟ್ ಹಾಕುತ್ತಾ ನೊರೆ ನಿಲ್ಲುವವರೆಗೆ ಆಮ್ಲ ತಟಸ್ಥ ಮಾಡದಿದ್ದರೆ ಬೆನೆಡಿಕ್ಟ್‌ನ ಕ್ಷಾರ ಸತ್ತು ಬಣ್ಣವೇ ಬರದು.

ಹೋಲಿಕೆಗೆ ಸುಕ್ರೋಸನ್ನೂ ಪರೀಕ್ಷಿಸುವುದಾದರೆ ಬಿಳಿ ಸಕ್ಕರೆಯನ್ನೇ ಬಳಸಿ. ಬೆಲ್ಲದಲ್ಲಿ ಒಡೆದ ಗ್ಲೂಕೋಸ್, ಫ್ರಕ್ಟೋಸ್ ಬೆರೆತಿರುವುದರಿಂದ ಅದು ನೇರವಾಗಿಯೇ ಬೆನೆಡಿಕ್ಟ್‌ಗೆ ಸಿಕ್ಕಿಬೀಳುತ್ತದೆ. ಒಂಟಿ ಘಟಕದ ಸಕ್ಕರೆಯನ್ನು ಜೋಡಿ ಘಟಕದ್ದರಿಂದ ಬೇರ್ಪಡಿಸಿ ತೋರಿಸುವ ಬಾರ್ಫೋಡ್ ಪರೀಕ್ಷೆಯನ್ನು ಆಮ್ಲದಲ್ಲಿ ಕುದಿಸಿದ ಮಾದರಿಯಲ್ಲಿ ಮಾಡಬೇಡಿ, ಕ್ಲೋರೈಡ್ ಅಡ್ಡ ಬರುತ್ತದೆ. ಅದಕ್ಕೆ ಶುದ್ಧ ಗ್ಲೂಕೋಸ್, ಲ್ಯಾಕ್ಟೋಸ್ ಬೇರೆಯಾಗಿ ಇಟ್ಟುಕೊಳ್ಳಿ.