ಮಿಶಿಗನ್‌ನಲ್ಲಿ ಮೊದಲ ಕಾರು: ಹಳೆಯ ಬ್ಯೂಯಿಕ್ ಕೊಳ್ಳುವ ಹೊಸಬರಿಗೆ

ಇಲ್ಲಿಗೆ ಬಂದು ಮೂರು ತಿಂಗಳಾಗಿರುವುದಿಲ್ಲ, ಕ್ರೆಡಿಟ್ ಹಿಸ್ಟರಿ (ಸಾಲ ತೀರಿಸಿದ ದಾಖಲೆ) ಅನ್ನುವುದೇ ಇರುವುದಿಲ್ಲ. ಅಂಥ ನಮ್ಮ ಹುಡುಗರು ದುಬಾರಿ ಬಡ್ಡಿಗೆ ಆರು ವರ್ಷದ ಸಾಲಕ್ಕೆ ಸಹಿ ಹಾಕಿ ಬಂದಾಗ ನನಗೆ ಸಂಕಟವಾಗುತ್ತದೆ. ಡೆಟ್ರಾಯಿಟ್ ಸುತ್ತಮುತ್ತ ಬಸ್ಸು ನಂಬಿಕೊಂಡು ಸಂಸಾರ ನಡೆಸುವುದು ಕಷ್ಟ, ಕಾರು ಬೇಕೇ ಬೇಕು, ನಿಜ. ಆದರೆ ಕೈಯಲ್ಲಿ ಮೂರು ಸಾವಿರ ಡಾಲರ್ ಇದ್ದರೆ ನನ್ನ ಮಾತು ಒಂದೇ: 2000ದಿಂದ 2005ರ ನಡುವಿನ ಬ್ಯೂಯಿಕ್ ಲೆಸೇಬರ್ ಹುಡುಕಿ.

ಇದು ದೊಡ್ಡ ಗಾಡಿ, ಉದ್ದ ಹದಿನೇಳು ಅಡಿಗೆ ಸ್ವಲ್ಪ ಕಮ್ಮಿ. ಮುಂದಿನ ಸೀಟು ಸೋಫಾದ ಹಾಗೆ ಒಂದೇ ಸಮ ಇರುವ ಮಾಡೆಲ್‌ನಲ್ಲಿ ಆರು ಜನ ಕೂರಬಹುದು. ಗೇರು ಸ್ಟೀರಿಂಗ್ ಪಕ್ಕದಲ್ಲೇ ಇರುತ್ತದೆ. ಡಿಕ್ಕಿಯಲ್ಲಿ (ಇಲ್ಲಿಯವರು ಟ್ರಂಕ್ ಅನ್ನುತ್ತಾರೆ) ಊರಿನಿಂದ ಬಂದ ದೊಡ್ಡ ಸೂಟ್‌ಕೇಸ್‌ಗಳು ಆರಾಮಾಗಿ ಹಿಡಿಯುತ್ತವೆ. ಅಮ್ಮ ಬಂದಾಗ ಅವರ ಮಂಡಿನೋವಿಗೆ ನಮ್ಮ ಯಾವ ಕಾರೂ ಇದರಷ್ಟು ಹಿತವಾಗಿರಲಿಲ್ಲ. ಅಗಲದ ಬಾಗಿಲು, ಮೆತ್ತನೆ ಸೀಟು, ಸೀರೆ ಉಟ್ಟುಕೊಂಡು ಸಲೀಸಾಗಿ ಹತ್ತಿ ಇಳಿಯುತ್ತಿದ್ದರು. ಹಿಮದಲ್ಲಿ ಓಡಿಸುವವರಿಗೆ ಇನ್ನೊಂದು ಅನುಕೂಲ: ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ.

ಇಷ್ಟು ಅಗ್ಗಕ್ಕೆ ಸಿಗುವುದೇಕೆ ಎಂದು ಅನುಮಾನ ಬರುವುದು ಸಹಜ. ಈ ಕಾರುಗಳನ್ನು ಹೆಚ್ಚಾಗಿ ಇಟ್ಟುಕೊಂಡಿದ್ದವರು ವಯಸ್ಸಾದವರು. ಅವರು ಓಡಿಸುವುದು ನಿಲ್ಲಿಸಿದಾಗ ಮಕ್ಕಳು ಮನೆ ಖಾಲಿ ಮಾಡುತ್ತಾ ಕಾರನ್ನೂ ಮಾರುತ್ತಾರೆ. ಅಂಥ ಮನೆಯ ಗ್ಯಾರೇಜಿನಲ್ಲಿ ನಿಂತಿದ್ದ, ಆಯಿಲ್ ಬದಲಿಸಿದ ರಸೀದಿಗಳನ್ನೆಲ್ಲ ಕವರಿನಲ್ಲಿ ಜೋಡಿಸಿಟ್ಟ ಕಾರು ಸಿಕ್ಕರೆ ಅದೃಷ್ಟ. ಲೆಸೇಬರ್ ಇದೇ ಸೀಮೆಯ ಗಾಡಿ. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಿಂದ ಒಂದು ಗಂಟೆ ದೂರದ ಫ್ಲಿಂಟ್‌ನಲ್ಲಿ ಬ್ಯೂಯಿಕ್ ಸಿಟಿ ಕಾರ್ಖಾನೆಯ ಕಾರು ಜೋಡಣೆ 1999ರಲ್ಲಿ ನಿಂತಿತು, ಅಲ್ಲಿಂದ ಹೊರಬಂದ ಕೊನೆಯ ಕಾರೂ ಹಿಂದಿನ ಮಾಡೆಲ್ಲಿನ ಲೆಸೇಬರೇ. ಹಾಗಾಗಿ ಇದರ ಮೂಲೆಮೂಲೆ ಬಲ್ಲ ಮೆಕ್ಯಾನಿಕ್‌ಗಳಿಗೆ ಇಲ್ಲಿ ಬರವಿಲ್ಲ.

ಒಳಗಿರುವುದು 3.8 ಲೀಟರ್‌ನ, ಆರು ಸಿಲಿಂಡರಿನ 3800 ಎಂಜಿನ್. ಎರಡು ಲಕ್ಷ ಮೈಲಿ ಓಡಿದ್ದನ್ನು ನಾನೇ ಕಂಡಿದ್ದೇನೆ. ಸಾಮಾನ್ಯ 87 ಆಕ್ಟೇನ್ ಪೆಟ್ರೋಲ್ ಸಾಕು (ಇಲ್ಲಿ ಗ್ಯಾಸ್ ಅನ್ನಿ). ಹೈವೇಯಲ್ಲಿ ನನಗೆ ಗ್ಯಾಲನ್‌ಗೆ 27-28 ಮೈಲಿ ಕೊಡುತ್ತಿತ್ತು, ಊರೊಳಗೆ 18.

ಆದರೆ ಮಿಶಿಗನ್‌ನಲ್ಲಿ ಹಳೆ ಕಾರು ನೋಡಲು ಹೋದವರು ಎಂಜಿನ್ ಶಬ್ದ ಕೇಳಿ ಮರುಳಾಗಬಾರದು. ಮೊದಲು ನೆಲದ ಮೇಲೆ ಮಲಗಿ ಕಾರಿನ ಹೊಟ್ಟೆ ನೋಡಿ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಬ್ಬಿಣವನ್ನು ಗೆದ್ದಲಿನಂತೆ ತಿನ್ನುತ್ತದೆ. ಬಾಗಿಲ ಕೆಳಗಿನ ಪಟ್ಟಿಯನ್ನು ಬೆರಳಿನಿಂದ ಒತ್ತಿ, ಹಿಂದಿನ ಚಕ್ರಗಳ ಒಳಬದಿಗೆ ಟಾರ್ಚ್ ಹಿಡಿಯಿರಿ. ಮೇಲ್ಮೈ ಕೆಂಪಗಾಗಿದ್ದರೆ ಹೆದರಬೇಕಿಲ್ಲ. ಪದರ ಪದರವಾಗಿ ಉದುರುತ್ತಿದ್ದರೆ, ತೂತು ಬಿದ್ದಿದ್ದರೆ, ಬೆಲೆ ಎಷ್ಟೇ ಇಳಿಸಲಿ, ವಾಪಸ್ ಬನ್ನಿ.

ಎಲ್ಲಕ್ಕಿಂತ ಮುಖ್ಯ ಬ್ರೇಕ್ ಆಯಿಲ್ ಹರಿಯುವ ಉಕ್ಕಿನ ಸಣ್ಣ ಪೈಪುಗಳು. ಇದನ್ನು ಒತ್ತಿ ಹೇಳುತ್ತೇನೆ. ಬಹಳ ಹಿಂದೆ, ನನ್ನ ಮೊದಲ ಹಳೆ ಕಾರಿನಲ್ಲಿ, ಸ್ಟಾಪ್ ಸೈನ್ ಹತ್ತಿರ ಬ್ರೇಕ್ ತುಳಿದರೆ ಪೆಡಲ್ ನೆಲಮುಟ್ಟಿತು. ಉಪ್ಪು ತಿಂದ ಪೈಪು ಒಡೆದಿತ್ತು. ಪಕ್ಕದಲ್ಲಿ ಏಳು ತಿಂಗಳ ಗರ್ಭಿಣಿ ಹೆಂಡತಿ. ವೇಗ ಕಮ್ಮಿ ಇತ್ತು, ಪಾರ್ಕಿಂಗ್ ಬ್ರೇಕ್ ಹಾಕಿ ಹೇಗೋ ನಿಲ್ಲಿಸಿದೆ. ಅಂದಿನಿಂದ ಹಳೆ ಕಾರು ತಂದ ತಿಂಗಳಲ್ಲೇ ಆ ಪೈಪುಗಳನ್ನು ಬದಲಿಸುತ್ತೇನೆ. ತುಕ್ಕು ಹಿಡಿಯದ ನಿಕ್ಕಲ್-ತಾಮ್ರದ ಪೈಪು ಸಿಗುತ್ತದೆ, ಅದನ್ನೇ ಹಾಕಿ ಎಂದು ಕೇಳಿ. ಈ ಖರ್ಚನ್ನೂ ಕಾರಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಮಿಶಿಗನ್‌ನಲ್ಲಿ ಗಾಡಿಗಳಿಗೆ ವಾರ್ಷಿಕ ಸುರಕ್ಷತಾ ತಪಾಸಣೆ ಇಲ್ಲ, ಆದ್ದರಿಂದ ಆ ಜವಾಬ್ದಾರಿ ಪೂರ್ತಿ ನಿಮ್ಮದೇ. ಕೊಳ್ಳುವ ಮೊದಲು ನೂರು-ನೂರೈವತ್ತು ಡಾಲರ್ ಕೊಟ್ಟು, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ತೋರಿಸಿ. ಇದಕ್ಕೆ ಒಪ್ಪದವರ ಹತ್ತಿರ ವ್ಯಾಪಾರ ಬೇಡ.

3800 ಎಂಜಿನ್ನಿನ ಒಂದು ದೌರ್ಬಲ್ಯ ಗೊತ್ತಿರಲಿ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಹತ್ತಿರ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಹರಿಯುವ, ಮೊಣಕೈ ಆಕಾರದ ಎರಡು ಪ್ಲಾಸ್ಟಿಕ್ ತುಂಡುಗಳಿವೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಹಪ್ಪಳದ ಹಾಗೆ ಮುರಿಯುತ್ತವೆ. ಬೆಲೆ ಅಲ್ಪ, ಲೋಹದವೂ ಸಿಗುತ್ತವೆ, ಮುರಿಯುವ ಮೊದಲೇ ಹಾಕಿಸಿ. ಎಂಜಿನ್ನಿಗೆ ಗಾಳಿ ಹಂಚುವ ಮೇಲಿನ ಇನ್‌ಟೇಕ್ ಮ್ಯಾನಿಫೋಲ್ಡ್ ಕೂಡ ಪ್ಲಾಸ್ಟಿಕ್ಕೇ. ಅದು ಸೀಳಿದರೆ ಕೂಲಂಟ್ ಸಿಲಿಂಡರಿನೊಳಗೆ ಇಳಿದು ಎಂಜಿನ್ನೇ ಹೋಗುತ್ತದೆ. ಹೊರಗೆಲ್ಲೂ ಸೋರದೆ ಕೂಲಂಟ್ ಕಮ್ಮಿಯಾಗುತ್ತಿದ್ದರೆ, ಬಿಳಿ ಹೊಗೆ ಬಂದರೆ, ಗಾಡಿ ನಿಲ್ಲಿಸಿ ತೋರಿಸಿ. ಇದಕ್ಕೆ ಕಿತ್ತಳೆ ಬಣ್ಣದ ಕೂಲಂಟ್ ಮಾತ್ರ ಹಾಕಬೇಕು, ಹಸಿರಿನದನ್ನು ಬೆರೆಸಬೇಡಿ.

ಇನ್ನು ಬ್ಯಾಟರಿ. ಜನವರಿಯಲ್ಲಿ ಮೈನಸ್ ಇಪ್ಪತ್ತಕ್ಕೆ ಗಾಡಿ ಸ್ಟಾರ್ಟ್ ಆಗದೆ ಬಾನೆಟ್ ಎತ್ತಿದರೆ ಅಲ್ಲಿ ಬ್ಯಾಟರಿ ಕಾಣುವುದಿಲ್ಲ. ಗಾಬರಿ ಬೇಡ, ಅದು ಹಿಂದಿನ ಸೀಟಿನ ಅಡಿಯಲ್ಲಿದೆ. ಬೇರೆ ಕಾರಿನಿಂದ ಕರೆಂಟ್ ಕೊಡಲು ಬಾನೆಟ್ ಒಳಗೇ ಕೆಂಪು ಮುಚ್ಚಳದ ಪಾಸಿಟಿವ್ ತುದಿ ಇದೆ. ಹೊಸ ಬ್ಯಾಟರಿ ಹಾಕುವಾಗ ಅದರ ಗ್ಯಾಸನ್ನು ಹೊರಕ್ಕೆ ಬಿಡುವ ಸಣ್ಣ ಕೊಳವೆಯನ್ನು ಮರೆಯದೆ ಸಿಕ್ಕಿಸಿ. ಅದರ ಮೇಲೆ ಕೂರುವವರು ನಿಮ್ಮ ಮಕ್ಕಳು.

ಟೈರಿನ ಪಕ್ಕದಲ್ಲಿ DOT ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದುವುದನ್ನು ಕಲಿಯಿರಿ: 2319 ಅಂದರೆ 2019ರ 23ನೇ ವಾರ. ಹತ್ತು ವರ್ಷದ ಟೈರು ನೋಡಲು ಎಷ್ಟೇ ಚೆನ್ನಾಗಿದ್ದರೂ ಬದಲಿಸಬೇಕು. ಪುಟ್ಟ ಮಕ್ಕಳಿದ್ದರೆ 2003 ಅಥವಾ ಅದರ ನಂತರದ ಮಾಡೆಲ್ಲೇ ಆಗಲಿ, ಅವುಗಳಲ್ಲಿ ಚೈಲ್ಡ್ ಸೀಟ್ ಸಿಕ್ಕಿಸುವ ಕೊಂಡಿಗಳಿರುತ್ತವೆ. ಜಾರಿದಾಗ ಕಾರನ್ನು ತಾನಾಗಿ ಹತೋಟಿಗೆ ತರುವ ವ್ಯವಸ್ಥೆ ಇಲ್ಲಿ ಕಡ್ಡಾಯವಾದದ್ದು 2012ರ ಮಾಡೆಲ್‌ಗಳಿಂದ, ಇದರಲ್ಲಿ ಅದು ಬಹುತೇಕ ಇರುವುದಿಲ್ಲ. ಹಿಮದ ದಿನ ಅದನ್ನು ನೆನಪಿಟ್ಟುಕೊಂಡು ನಿಧಾನವಾಗಿ ಹೋಗಿ.

ಕಾಗದಪತ್ರಕ್ಕೆ ಮಾರುವವರನ್ನೂ ಜೊತೆಗೆ ಕರೆದುಕೊಂಡು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ (ನಮ್ಮ ಆರ್‌ಟಿಓ ಇದ್ದ ಹಾಗೆ) ಹೋಗುವುದು ಒಳ್ಳೆಯದು. 15 ದಿನದೊಳಗೆ ಟೈಟಲ್ (ಒಡೆತನದ ಪತ್ರ) ನಿಮ್ಮ ಹೆಸರಿಗಾಗಬೇಕು, ಬೆಲೆಯ ಮೇಲೆ 6% ತೆರಿಗೆ ಕಟ್ಟಬೇಕು. ಟೈಟಲ್ ಮೇಲೆ ಸಾಲ್ವೇಜ್ (ಭಾರಿ ಹಾನಿಯಾಗಿದ್ದ ಗಾಡಿ) ಎಂದಿದ್ದರೆ ಮುಟ್ಟಬೇಡಿ. 2010 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ಗಳಿಗೆ ಓಡಿದ ಮೈಲಿಯನ್ನು ದೃಢೀಕರಿಸಿ ಬರೆದುಕೊಡುವ ಕಡ್ಡಾಯವಿಲ್ಲ. ಮೀಟರಿಗಿಂತ ರಸೀದಿಗಳನ್ನೇ ನಂಬಿ.

ಇನ್ಶೂರೆನ್ಸ್ ಈ ರಾಜ್ಯದಲ್ಲಿ ದುಬಾರಿ. ಮೂರು ಸಾವಿರದ ಕಾರಿಗೆ ಕೊಲಿಶನ್ ಕವರ್ (ಅಪಘಾತದಲ್ಲಿ ನಿಮ್ಮ ಕಾರಿಗಾದ ಹಾನಿಯ ವಿಮೆ) ಬೇಕಿಲ್ಲ, ಇಲ್ಲಿಯವರು ಪಿಎಲ್‌ಪಿಡಿ ಅನ್ನುವ, ಕಾನೂನಿಗೆ ಬೇಕಾದಷ್ಟೇ ಇರುವ ವಿಮೆಯನ್ನು ತಗೊಂಡರೆ ಸಾಕು. ಅಲ್ಲಿ ಉಳಿದ ಹಣವನ್ನು ವೈದ್ಯಕೀಯ ಮತ್ತು ಲಯಬಿಲಿಟಿ (ಬೇರೆಯವರಿಗಾದ ಹಾನಿಯ ಹೊಣೆ) ಮಿತಿ ಹೆಚ್ಚಿಸಲು ಹಾಕಿ. ಕಾರು ಹಳೆಯದೆಂದು ಆಸ್ಪತ್ರೆಯ ಬಿಲ್ಲು ಕಡಿಮೆಯಾಗುವುದಿಲ್ಲ.

ಪ್ರತಿ ತಿಂಗಳೂ ನೂರು ಡಾಲರ್ ಕಾರಿಗೆಂದೇ ಎತ್ತಿಡಿ. ಚಳಿಗಾಲದಲ್ಲಿ ಎರಡು ವಾರಕ್ಕೊಮ್ಮೆ ಹೊಟ್ಟೆಯಡಿ ನೀರು ಹೊಡೆಸಿ, ಅಕ್ಟೋಬರಿನಲ್ಲೊಮ್ಮೆ ತುಕ್ಕು ತಡೆಯುವ ಎಣ್ಣೆ ಸಿಂಪಡಿಸಿ. ಚೆಕ್ ಎಂಜಿನ್ ದೀಪ ಹತ್ತಿದರೆ ಬಿಡಿಭಾಗದ ಅಂಗಡಿಗಳಲ್ಲಿ ಪುಕ್ಕಟೆ ದೋಷದ ಕೋಡ್ ಓದಿಕೊಡುತ್ತಾರೆ, ಡೆಪಾಸಿಟ್ ಇಟ್ಟರೆ ಸ್ಪ್ಯಾನರುಗಳನ್ನೂ ಎರವಲು ಕೊಡುತ್ತಾರೆ.

ಅಡಿಯ ಚೌಕಟ್ಟಿಗೇ ತುಕ್ಕು ಮುಟ್ಟಿದೆ ಎಂದು ಮೆಕ್ಯಾನಿಕ್ ಹೇಳಿದ ದಿನ ಮತ್ತೆ ದುಡ್ಡು ಸುರಿಯಬೇಡಿ, ಜಂಕ್‌ಯಾರ್ಡ್‌ಗೆ ಫೋನ್ ಮಾಡಿ. ಅವರು ಎಳೆದುಕೊಂಡು ಹೋಗುವ ಮೊದಲು ನಂಬರ್ ಪ್ಲೇಟ್ ಬಿಚ್ಚಿಕೊಳ್ಳಿ. ಇಲ್ಲಿ ಪ್ಲೇಟು ಕಾರಿನದ್ದಲ್ಲ, ನಿಮ್ಮದು. ಅದನ್ನೇ ಮುಂದಿನ ಕಾರಿಗೆ ವರ್ಗಾಯಿಸಬಹುದು.