ಮೋಸೆಲ್ ಕಣಿವೆಯಲ್ಲಿ ಹಳ್ಳ ಹಿಡಿದವನೇ ಜಾಣ

ಜರ್ಮನಿಯ ಟ್ರಿಯರ್‌ನಿಂದ ಕೊಬ್ಲೆನ್ಜ್‌ಗೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ನೂರು ಕಿ.ಮೀ. ಕೂಡ ಆಗುವುದಿಲ್ಲ. ಮೋಸೆಲ್ ನದಿ ಅದೇ ದೂರವನ್ನು ಹೊರಳಿ ಹೊರಳಿ 195 ಕಿ.ಮೀ. ಮಾಡಿಕೊಂಡಿದೆ. ಇಷ್ಟು ಉದ್ದಕ್ಕೆ ನೀರು ಇಳಿಯುವುದು ಅರವತ್ತು ಚಿಲ್ಲರೆ ಮೀಟರ್ ಮಾತ್ರ. ಹಾಗಾಗಿ ದಂಡೆಯ ಸೈಕಲ್ ದಾರಿಯಲ್ಲೇ ಹೋದರೆ ದ್ರಾಕ್ಷಿ ಗುಡ್ಡಗಳು ಬರೀ ನೋಟಕ್ಕೆ ಸಿಗುತ್ತವೆ, ಕಾಲಿಗೆ ಕೆಲಸ ಸಿಗುವುದಿಲ್ಲ. ಎಡಕ್ಕೆ ಐಫೆಲ್ ಗುಡ್ಡಸಾಲು, ಬಲಕ್ಕೆ ಹುನ್ಸ್‌ರ್ಯುಕ್. ಎರಡೂ ಕಡೆ ಮೇಲಿನ ಬಯಲು ನದಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ರೋಡ್ ಬೈಕ್ ತಂದವರು ಅಲ್ಲಿಗೆ ಹತ್ತಲೇಬೇಕು. ಎಲ್ಲಿಂದ ಹತ್ತುತ್ತೇವೆ ಎನ್ನುವುದರ ಮೇಲೆ ಇಡೀ ದಿನ ನಿಂತಿರುತ್ತದೆ.

ನಕ್ಷೆಯಲ್ಲಿ ನಾನು ಮೊದಲು ನೋಡುವುದು ನದಿಯ ತಿರುವನ್ನು. ತಿರುವಿನ ಹೊರದಂಡೆಯನ್ನು ನೀರು ಕೊರೆದು ಗೋಡೆಯ ಹಾಗೆ ನಿಲ್ಲಿಸಿರುತ್ತದೆ, ಒಳದಂಡೆಯಲ್ಲಿ ಮಣ್ಣು ತಂದು ಹಾಕಿ ಇಳಿಜಾರನ್ನು ಮೆತ್ತಗೆ ಮಾಡಿರುತ್ತದೆ. ಒಳ್ಳೆಯ ರೀಸ್ಲಿಂಗ್ (ಬಿಳಿ ವೈನಿನ ದ್ರಾಕ್ಷಿ) ಬೆಳೆಯುವುದು ದಕ್ಷಿಣಕ್ಕೆ ಮುಖ ಮಾಡಿದ ಹೊರದಂಡೆಯ ಗೋಡೆಯಲ್ಲಿ. ಬ್ರೆಮ್ ಊರಿನ ಕಾಲ್ಮೊಂಟ್ ತೋಟದ ಕೆಲವು ಭಾಗಗಳು 60 ಡಿಗ್ರಿಗೂ ಕಡಿದಾಗಿವೆ. ಅಲ್ಲಿ ಬಳ್ಳಿ ಕತ್ತರಿಸುವವರು ಒಂದೇ ಹಳಿಯ ಪುಟ್ಟ ಮೋನೋರೈಲಿನಲ್ಲಿ ಕುಳಿತು ಮೇಲೆ ಹೋಗುತ್ತಾರೆ. ಇಂಥ ತೋಟಗಳ ನಡುವಿನ ಕಾಂಕ್ರೀಟ್ ದಾರಿಗಳನ್ನು ಮಾಡಿರುವುದು ಟ್ರಾಕ್ಟರಿಗಾಗಿ. ಶೇ 15, ಕೆಲವು ಕಡೆ ಶೇ 20ರ ಏರು. ಜಿಪಿಎಸ್ ಇವನ್ನು ‘ಹತ್ತಿರದ ದಾರಿ’ ಎಂದು ಸಂತೋಷವಾಗಿ ತೋರಿಸುತ್ತದೆ.

ಇದಕ್ಕೆ ಉಪಾಯ ಒಂದೇ: ಅಕ್ಕಪಕ್ಕದಿಂದ ಬಂದು ಮೋಸೆಲ್ ಸೇರುವ ಹಳ್ಳಗಳನ್ನು ಹುಡುಕಬೇಕು. ಹಳ್ಳದ ಜೊತೆ ಸಾಗುವ ರಸ್ತೆ ಕಾಡಿನ ನೆರಳಲ್ಲಿ ಬಹುಪಾಲು ಶೇ 4ರಿಂದ 6ರ ಒಳಗೇ ಏರುತ್ತದೆ. ನಮ್ಮಲ್ಲಿ ‘ಹಳ್ಳ ಹಿಡಿಯಿತು’ ಎಂದರೆ ಕೆಲಸ ಕೆಟ್ಟಿತು ಎಂದರ್ಥ. ಇಲ್ಲಿ ಹಳ್ಳ ಹಿಡಿಯದಿದ್ದರೆ ಕೆಲಸ ಕೆಡುತ್ತದೆ.

ನನಗೆ ತುಂಬ ಹಿಡಿಸಿದ ಸುತ್ತು ಬರ್ನ್‌ಕಾಸ್ಟೆಲ್-ಕೂಸ್‌ನದು. ಅಲ್ಲಿಂದ ನದಿಗುಂಟ ಕೆಳಕ್ಕೆ ಟ್ರಾಬೆನ್-ಟ್ರಾರ್ಬಾಖ್‌ವರೆಗೆ ಸುಮಾರು 24 ಕಿ.ಮೀ. ಸಮತಟ್ಟು, ಕಾಲು ಬಿಸಿಯಾಗಲು ಅಷ್ಟು ಸಾಕು. ಟ್ರಾರ್ಬಾಖ್‌ನಲ್ಲಿ ನದಿ ಬಿಟ್ಟು ಕೌಟೆನ್‌ಬಾಖ್ ಹಳ್ಳದ ಕಣಿವೆಗೆ ತಿರುಗಿ, ನಿಧಾನವಾಗಿ ಲೊಂಗ್‌ಕಾಂಪ್ ಊರಿಗೆ ಏರಿ, ಅಲ್ಲಿಂದ ಬರ್ನ್‌ಕಾಸ್ಟೆಲ್‌ಗೆ ಇಳಿಯುತ್ತೇನೆ. ಇದನ್ನೇ ತಿರುಗಿಸಿ ಮಾಡಿದರೆ ಕಡಿದಾದ ಬದಿಯನ್ನು ತಣ್ಣಗಿರುವ ಕಾಲಲ್ಲಿ ಹತ್ತಬೇಕಾಗುತ್ತದೆ. ಮೊದಲ ಅರ್ಧ ಗಂಟೆಯಲ್ಲೇ ಉಸಿರು ಕಟ್ಟಿಸಿಕೊಳ್ಳುವ ಆಸೆ ಇದ್ದವರಿಗೆ ಅದು.

ಗೇರಿನ ವಿಷಯಕ್ಕೆ ಬರೋಣ, ಹೆಚ್ಚಿನವರು ಎಡವುವುದು ಇಲ್ಲೇ. ಬೆಂಗಳೂರಿನಲ್ಲಿ ನಂದಿ ಬೆಟ್ಟ ಹತ್ತಿ ಅಭ್ಯಾಸವಾದವರು ಮುಂದೆ 50 ಮತ್ತು 34 ಹಲ್ಲಿನ ಚೈನ್‌ರಿಂಗ್, ಹಿಂದೆ 11ರಿಂದ 28 ಹಲ್ಲಿನ ಚಕ್ರಗಳ ಕ್ಯಾಸೆಟ್ ಸಾಕೆಂದುಕೊಳ್ಳುತ್ತಾರೆ. ನಂದಿಗೆ ಸಾಕು, ಅದು ಉದ್ದದ ಏರು. ಇಲ್ಲಿಯ ಏರುಗಳು ಗಿಡ್ಡ, ನಡುವೆ ಗೋಡೆಯಂಥ ತುಣುಕುಗಳು. ಲೆಕ್ಕ ಹಾಕಿ ನೋಡಿ: ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ., 28 ಮಿ.ಮೀ. ಟೈರಿನ ಸುತ್ತಳತೆ ಸುಮಾರು 2.13 ಮೀಟರ್, ಪೆಡಲ್ ನಿಮಿಷಕ್ಕೆ 60 ಸುತ್ತು, ಏರು ಶೇ 12. ಮುಂದೆ 34, ಹಿಂದೆ 28 ಹಲ್ಲಿನ ಚಕ್ರದಲ್ಲಿದ್ದರೆ ವೇಗ ಗಂಟೆಗೆ 9.3 ಕಿ.ಮೀ., ಬೇಕಾಗುವ ಶಕ್ತಿ ಸುಮಾರು 255 ವಾಟ್. ಹಿಂದಿನದು 34 ಹಲ್ಲಿನದಾದರೆ ವೇಗ 7.7 ಕಿ.ಮೀ., ಶಕ್ತಿ 210 ವಾಟ್. ಈ 45 ವಾಟ್ ಉಳಿದರೆ ಮೂರನೆಯ ಏರನ್ನೂ ಕುಳಿತೇ ಹತ್ತಬಹುದು. ಇಲ್ಲದಿದ್ದರೆ ಮೊದಲನೆಯದರಲ್ಲೇ ಎದ್ದು ನಿಂತು ತುಳಿದು ಮಂಡಿ ಕೆಡಿಸಿಕೊಳ್ಳುತ್ತೀರಿ.

ಶಿಮಾನೋ 11 ಸ್ಪೀಡಿನಲ್ಲಿ 11-34 ಹಾಕುವಾಗ ಮೂರು ವಿಷಯ ನೆನಪಿಡಬೇಕು. 105 ಆರ್7000 ಮಾದರಿಯ ಹಿಂದಿನ ಡಿರೇಲರ್ (ಚೈನನ್ನು ಚಕ್ರದಿಂದ ಚಕ್ರಕ್ಕೆ ಸರಿಸುವ ಭಾಗ) ಗಿಡ್ಡ ಕೇಜಿನದಾದರೆ, ಅಂದರೆ ಗಿಡ್ಡ ತೋಳಿನದಾದರೆ, ಅದರ ಮಿತಿ 30 ಹಲ್ಲು. 34ಕ್ಕೆ ಉದ್ದ ಕೇಜಿನ ಜಿಎಸ್ ಬೇಕು. ಎಚ್‌ಜಿ 700 ಅಥವಾ 800ರ 11-34 ಕ್ಯಾಸೆಟ್ಟನ್ನು ಹಿಂಚಕ್ರದ 11 ಸ್ಪೀಡ್ ರೋಡ್ ಹಬ್ಬಿಗೆ ಕೂರಿಸುವಾಗ ಹಿಂದೆ 1.85 ಮಿ.ಮೀ. ಸ್ಪೇಸರ್ ಬಳೆ ಹಾಕಬೇಕು, ಮರೆತರೆ ಲಾಕ್‌ರಿಂಗ್ ಎಷ್ಟು ಬಿಗಿದರೂ ಕ್ಯಾಸೆಟ್ ಅಲ್ಲಾಡುತ್ತಲೇ ಇರುತ್ತದೆ. ಮೂರನೆಯದು ಚೈನಿನ ಉದ್ದ. ಹಳೆಯ 28ಕ್ಕೆ ಅಳೆದು ಕತ್ತರಿಸಿದ ಚೈನು ಮುಂದೆ 50, ಹಿಂದೆ 34ರ ಜೋಡಿಗೆ ಸಾಲುವುದಿಲ್ಲ. ಒಂದು ಸಲ ತಪ್ಪಿ ಆ ಗೇರಿಗೆ ಹಾಕಿದರೆ ಡಿರೇಲರ್ ಕಿತ್ತುಕೊಂಡು ಬರುತ್ತದೆ. ಹೊಸ ಚೈನನ್ನೇ ಹಾಕಿ, ದೊಡ್ಡ-ದೊಡ್ಡ ಜೋಡಿಯಲ್ಲಿ ಕೇಜು ಇನ್ನೂ ಸ್ವಲ್ಪ ಬಗ್ಗಿರುವುದನ್ನು ಕೈಯಲ್ಲಿ ತಿರುಗಿಸಿ ನೋಡಿಕೊಂಡ ಮೇಲೆಯೇ ರಸ್ತೆಗಿಳಿಸಿ.

ಟೈರು 28 ಮಿ.ಮೀ.ಗಿಂತ ಸಣ್ಣದು ಬೇಡ. 70 ಕೆ.ಜಿ. ಸವಾರನಿಗೆ ಟ್ಯೂಬ್ ಸಮೇತ ಹಿಂದೆ 75, ಮುಂದೆ 70 ಪಿಎಸ್‌ಐ ಗಾಳಿ ಇಡುತ್ತೇನೆ. ಹಳೆಯ ಪೇಟೆಗಳ ಕಲ್ಲುಹಾಸಿಗೂ ಅದು ಸರಿ. ಪಂಕ್ಚರಿಗೆ ದೊಡ್ಡ ಕಾರಣ ಇಲ್ಲಿಯ ಮಣ್ಣೇ. ಮುಂಚೆ ಶಾಲೆಗೆ ಒಯ್ಯುತ್ತಿದ್ದ ಸ್ಲೇಟಿನ ಕಲ್ಲೇ ಈ ಗುಡ್ಡಗಳ ಒಡಲು. ಮಳೆ ಬಿದ್ದ ಮೇಲೆ ಅದರ ಚಕ್ಕೆಗಳು ತೊಳೆದುಕೊಂಡು ರಸ್ತೆಗೆ ಬರುತ್ತವೆ. ಉಗುರಿನಷ್ಟೇ ಗಾತ್ರ, ಅಂಚು ಮಾತ್ರ ಬ್ಲೇಡು. ಟೈರಿನ ಗೋಡೆ ಸೀಳಿದರೆ ಟ್ಯೂಬ್ ಬದಲಿಸಿ ಪ್ರಯೋಜನವಿಲ್ಲ, ಒಳಗೊಂದು ಟೈರ್ ತುಂಡು ಇಟ್ಟೇ ಗಾಳಿ ತುಂಬಬೇಕು. ಹಳೆಯ ಟೈರಿನಿಂದ ಕತ್ತರಿಸಿದ 6 ಸೆಂ.ಮೀ. ತುಂಡು ಸೀಟಿನ ಚೀಲದಲ್ಲಿ ಇದ್ದೇ ಇರಲಿ.

ತೋಟದ ದಾರಿಗೆ ಇಳಿಯಲೇಬೇಕಾಗಿ ಬಂದರೆ ನೀರಿನ ಅಡ್ಡ ಕಾಲುವೆಗಳ ಮೇಲೆ ಕಣ್ಣಿರಲಿ. ಮಳೆನೀರು ಹೊರಗೆ ಹಾಯಿಸಲು ಕಾಂಕ್ರೀಟಿಗೆ ಅಡ್ಡಲಾಗಿ, ಅದೂ ಓರೆಯಾಗಿ, ಕಬ್ಬಿಣದ ತೋಡು ಕೂರಿಸಿರುತ್ತಾರೆ. ಮೇಲಿನಿಂದ ಬರುವಾಗ ಅದು ನೆರಳಿನ ಗೆರೆಯಂತೆ ಕಾಣುತ್ತದೆ. ಓರೆ ತೋಡಿಗೆ ನೇರ ಇಳಿದರೆ ಮುಂಚಕ್ರ ಅದರಗುಂಟ ಜಾರುತ್ತದೆ. ತೋಡು ಬರುವ ಮುಂಚೆಯೇ ಬ್ರೇಕ್ ಮುಗಿಸಿ, ಹ್ಯಾಂಡಲ್ ತಿರುಗಿಸಿ ತೋಡಿಗೆ ಲಂಬವಾಗಿ ಬಂದು, ಎರಡೂ ಪೆಡಲ್ ಸಮಮಟ್ಟಕ್ಕೆ ತಂದು, ಬ್ರೇಕ್ ಬಿಟ್ಟೇ ದಾಟಬೇಕು. ದಾಟುವಾಗ ಬ್ರೇಕ್ ಹಿಡಿದಿದ್ದರೆ ಒದ್ದೆ ಕಬ್ಬಿಣದ ಮೇಲೆ ಬೀಳುವುದು ಖಚಿತ.

ಕಾಲ ಯಾವುದು ಒಳ್ಳೆಯದು ಎಂದರೆ ಮೇ, ಜೂನ್, ಸೆಪ್ಟೆಂಬರ್ ಎನ್ನುತ್ತೇನೆ. ಜುಲೈ ಮಧ್ಯಾಹ್ನದಲ್ಲಿ ಆ ಸ್ಲೇಟು ಕಾದ ಹಂಚು. ದ್ರಾಕ್ಷಿಯನ್ನು ಮಾಗಿಸುವ ಕಾವು ಸವಾರನನ್ನೂ ಮಾಗಿಸುತ್ತದೆ, ಗಂಟೆಗೆ ಮುಕ್ಕಾಲು ಲೀಟರ್ ನೀರೂ ಸಾಲದು. ಬೇಸಿಗೆಯಲ್ಲಿ ಕಡಿದಾದ ತೋಟಗಳಿಗೆ ಹೆಲಿಕಾಪ್ಟರಿನಿಂದ ಔಷಧಿ ಹೊಡೆಯುವುದೂ ಉಂಟು. ಆಗ ದಾರಿಗೆ ಅಡ್ಡ ಹಗ್ಗ ಕಟ್ಟಿದ್ದರೆ ನುಸುಳದೆ ಹಿಂತಿರುಗಿ. ಅಕ್ಟೋಬರ್ ಕೊಯ್ಲಿನ ತಿಂಗಳು, ಬಣ್ಣ ಚಂದ, ರಸ್ತೆ ಮಾತ್ರ ಕೆಟ್ಟದ್ದು: ಟ್ರಾಕ್ಟರಿನ ಕೆಸರು, ಒದ್ದೆ ಎಲೆ, ಹತ್ತು ಗಂಟೆಯಾದರೂ ಕರಗದ ಮಂಜು. ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳು ಮಧ್ಯಾಹ್ನದವರೆಗೂ ಒಣಗುವುದಿಲ್ಲ.

ಇಡೀ ಕಣಿವೆಯನ್ನು ಮೂರು ದಿನಕ್ಕೆ ಹಂಚಬಹುದು: ಟ್ರಿಯರ್-ಬರ್ನ್‌ಕಾಸ್ಟೆಲ್ ಸುಮಾರು 65, ಬರ್ನ್‌ಕಾಸ್ಟೆಲ್-ಕೋಖೆಮ್ ಸುಮಾರು 80, ಕೋಖೆಮ್-ಕೊಬ್ಲೆನ್ಜ್ ಸುಮಾರು 50 ಕಿ.ಮೀ., ಜೊತೆಗೆ ದಿನಕ್ಕೊಂದು ಏರು. ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುವುದರಿಂದ ಈ ದಿಕ್ಕೇ ಲಾಭ. ಆದರೂ ನದಿ ಹಿಂದಕ್ಕೆ ಹೊರಳಿದ ಕಡೆ ಅದೇ ಗಾಳಿ ಎದುರಾಗುತ್ತದೆ. ದಡದ ಕಿ.ಮೀ. ಫಲಕಗಳು ಹಡಗುಗಳಿಗಾಗಿ ಕೊಬ್ಲೆನ್ಜ್‌ನಿಂದ ಎಣಿಸಿದವು. ಟ್ರಿಯರ್‌ನಿಂದ ಹೊರಟವರಿಗೆ ಇನ್ನೆಷ್ಟು ಉಳಿಯಿತೆಂದು ಅವೇ ಹೇಳುತ್ತವೆ.

ರೈಲನ್ನು ನಂಬುವ ಮುಂಚೆ ಒಂದು ಸಂಗತಿ ತಿಳಿದಿರಲಿ. ಟ್ರಿಯರ್-ಕೊಬ್ಲೆನ್ಜ್ ಮುಖ್ಯ ಹಳಿ ಶ್ವೈಖ್ ಬಳಿ ನದಿ ಬಿಟ್ಟು ವಿಟ್ಲಿಖ್ ಕಡೆ ಹೋಗಿ, ಬುಲ್ಲೈ ಹತ್ತಿರ ಮತ್ತೆ ನದಿಗೆ ಬರುತ್ತದೆ. ನಡುವಿನ ಬರ್ನ್‌ಕಾಸ್ಟೆಲ್‌ಗೆ ರೈಲೇ ಇಲ್ಲ. ಅಲ್ಲಿಯ ಹಳೆಯ ಹಳಿ ಈಗ ದೌನ್‌ನಿಂದ ಬರುವ 58 ಕಿ.ಮೀ. ಸೈಕಲ್ ದಾರಿ. ಆ ಭಾಗದಲ್ಲಿ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಕೂರಿಸುವ ತುಂಡು) ಮುರಿದರೆ ಬಸ್ಸೇ ಗತಿ, ಅದಕ್ಕೇ ಒಂದು ಹೆಚ್ಚುವರಿ ಹ್ಯಾಂಗರ್ ಒಯ್ಯುತ್ತೇನೆ. ಎಲ್ಲರ್ ಮತ್ತು ಕೋಖೆಮ್ ನಡುವೆ ಮಾತ್ರ ರೈಲಿನದೇ ಗೆಲುವು: ನದಿ 20 ಕಿ.ಮೀ.ಗೂ ಹೆಚ್ಚು ಸುತ್ತುವುದನ್ನು ಅದು 4.2 ಕಿ.ಮೀ. ಸುರಂಗದಲ್ಲಿ ಮುಗಿಸುತ್ತದೆ. ಪ್ರಾದೇಶಿಕ ರೈಲುಗಳಲ್ಲಿ ವಾರದ ದಿನ ಬೆಳಿಗ್ಗೆ 9ರ ನಂತರ, ಶನಿವಾರ-ಭಾನುವಾರ ಇಡೀ ದಿನ ಸೈಕಲ್ಲಿಗೆ ದುಡ್ಡಿಲ್ಲ.

ಜಿಪಿಎಸ್ ಕೈಕೊಡುವ ಎರಡು ಜಾಗಗಳಿವೆ. ಒಂದು, 2019ರಲ್ಲಿ ತೆರೆದ 158 ಮೀಟರ್ ಎತ್ತರದ ಹೋಖ್‌ಮೋಸೆಲ್ ಸೇತುವೆ, ಅಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಇನ್ನೊಂದು ಎಲ್ಟ್ಸ್ ಕೋಟೆ. ಮೋಸೆಲ್‌ಕೆರ್ನ್ ಕಡೆಯಿಂದ ಹೋದರೆ ಕೊನೆಗೆ ಸಿಗುವುದು ಬೇರುಗಳ ಕಾಲುದಾರಿ. ಹಾಟ್ಸೆನ್‌ಪೋರ್ಟ್‌ನಿಂದ ಮ್ಯುನ್‌ಸ್ಟರ್‌ಮೈಫೆಲ್ಡ್, ವೀರ್ಶೆಮ್ ಮೂಲಕ ಹತ್ತಿದರೆ ಡಾಂಬರು ಸಿಗುತ್ತದೆ.

ಊಟದ ಮಾತು ಚಿಕ್ಕದು. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಬೇಕರಿ ಬೆಳಿಗ್ಗೆ ಮಾತ್ರ. ಊರಿನ ಕಡಲೆಕಾಯಿ ಚಿಕ್ಕಿ ಸಮತಟ್ಟಿಗೆ ಚೆನ್ನ, ಏರಿಗಲ್ಲ. ಎಣ್ಣೆಯಂಶ ಕರಗಲು ಹೊತ್ತು ಬೇಕು. ಏರಿಗೆ ಮುಂಚೆ ಬಾಳೆಹಣ್ಣೇ ವಾಸಿ. ಬಾಗಿಲಿಗೆ ಸೊಪ್ಪಿನ ಗೊಂಚಲು ಅಥವಾ ಪೊರಕೆ ತೂಗುಬಿಟ್ಟ ಮನೆ ಕಂಡರೆ ಅದು ಬೆಳೆಗಾರರೇ ನಡೆಸುವ ವೈನ್ ಮನೆ. ವರ್ಷಕ್ಕೆ ನಾಲ್ಕು ತಿಂಗಳಿಗಿಂತ ಹೆಚ್ಚು ತೆರೆಯುವಂತಿಲ್ಲ, 40 ಕುರ್ಚಿ ಮೀರುವಂತಿಲ್ಲ. ಸಸ್ಯಾಹಾರಿಗಳು ‘ಓನೆ ಶ್ಪೆಕ್’, ಹಂದಿಮಾಂಸ ಬೇಡ, ಎಂದು ಮೊದಲೇ ಹೇಳಬೇಕು. ಕುಡಿದು ಸೈಕಲ್ ತುಳಿಯುವುದೂ ಅಪರಾಧವೇ: ರಕ್ತದಲ್ಲಿ 1.6 ಪ್ರತಿ ಸಾವಿರ ಮುಟ್ಟಿದರೆ ನೇರ ಕೇಸು, ತಪ್ಪಾಗಿ ಓಡಿಸಿದರೆ 0.3ಕ್ಕೇ. ಹಾಗಾಗಿ ರೀಸ್ಲಿಂಗ್ ಬಾಟಲಿಯನ್ನು ಕೊನೆಯ ಏರು ಇಳಿದು ಬಂದ ಮೇಲೆಯೇ ಕೊಳ್ಳುತ್ತೇನೆ. ತುಂಬಿದ ಬಾಟಲಿ ಬೆನ್ನಿಗೆ 1.2 ಕೆ.ಜಿ.ಗೂ ಹೆಚ್ಚು.